ಬದನೆಕಾಯಿಯ ಪಥ್ಯ

ಕೌಶಲ್ಯಾಳಿಗೆ ತಲೆ ಕೆಟ್ಟುಹೋಗಿತ್ತು. ನಿಜಾಮರ ರಾಜಧಾನಿಯಲ್ಲಿ ಎರಡು ವರ್ಷ ನರ್ಸ್ ತರಬೇತಿ ಪಡೆದು, ಕೊನೆಯ ಆರು ತಿಂಗಳಿಗೆಂದು ಜಹೀರಾಬಾದಿನ ಚಿಕ್ಕ ದವಾಖಾನೆಗೆ ಬಂದಿದ್ದಳು. ಚಳಿಜ್ವರದವರು ಅವಳ ಕೈಯಿಂದ ಕ್ವಿನೈನ್ ಗುಳಿಗೆ ಇಸಿದುಕೊಂಡು, ಸೀದಾ ಝರಾಸಂಗದ ನಾಟಿವೈದ್ಯ ಮನ್ಮಥಪ್ಪನ ಮನೆಗೆ ನಡೆಯುತ್ತಿದ್ದರು. ರೋಗಿಗಳು ಏಳು ದಿನದ ಗುಳಿಗೆ ಮುಗಿಸದಿದ್ದರೆ ನಿನ್ನ ಸರ್ಟಿಫಿಕೇಟಿಗೆ ಸಹಿ ಇಲ್ಲ ಎಂದಿದ್ದರು ಡಾಕ್ಟರ್ ಸಾಹೇಬರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ!

ಗುಳಿಗೆ ಬಿಡಿಸುವವನು ಅವನೇ ಎಂದು ಮನ್ಮಥಪ್ಪನ ಮನೆಗೆ ಎರಡು ಸಲ ಹೋಗಿ ಜಗಳವಾಡಿ ಬಂದಿದ್ದಳು. ಎರಡು ಸಲವೂ ಅವನು ಬರೀ ನಕ್ಕಿದ್ದ. ಆ ನಗು ಚೆನ್ನಾಗಿತ್ತು ಎನ್ನುವುದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತ್ತು.

ಮೂರನೆಯ ಸಲ ಟಾಂಗಾ ಇಳಿದು ಬಾಗಿಲಿಗೆ ಬಂದಾಗ, ಒಳಗೆ ಮನ್ಮಥಪ್ಪ ಜ್ವರದ ಸಾಯಮ್ಮನಿಗೆ ಹೇಳುತ್ತಿದ್ದ.

"ಬದನಿಕಾಯಿ ಮುಟ್ಟಬ್ಯಾಡ, ಹುಳಿ ಬಿಡು. ನರ್ಸಬಾಯಿ ಕೊಟ್ಟ ಗುಳಿಗಿ ಏಳು ದಿನ ತಗೋ. ಒಂದ್ ದಿನ ತಪ್ಪಿದ್ರ ಪಥ್ಯ ಕೆಡ್ತದ ನೋಡು."

ಸಾಯಮ್ಮ ತಲೆಯಾಡಿಸಿ ಹೊರಟಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳ ಬಿಟ್ಟು ಕೌಶಲ್ಯಾ ಒಳಗೆ ನುಗ್ಗಿದಳು.

"ನನ್ನ ಗುಳಿಗಿಗೆ ನಿಮ್ಮ ಪಥ್ಯ ಯಾಕ್ರಿ?"

"ನೀವು ಏನ್ ಬೇಕಾದ್ರೂ ತಿನ್ರಿ ಅಂತೀರಿ. ಪಥ್ಯ ಇಲ್ಲದ್ದು ಔಷಧ ಹ್ಯಾಂಗ ಆಗ್ತದ? ಮಂದಿ ಗುಳಿಗಿ ತಿಪ್ಪಿಗಿ ಒಗೀತಿದ್ರು."

"ಬದನಿಕಾಯಿ ತಿಂದ್ರ ಏನಾಗ್ತದ?"

"ಏನೂ ಆಗಂಗಿಲ್ಲ."

"ಅಯ್ಯೋ ಶಿವನೇ! ಮತ್ತ ಈ ಸುಳ್ಳು ಯಾಕ?"

ಅವನು ಬೇರು ಕುಟ್ಟುವುದನ್ನು ನಿಲ್ಲಿಸಿದ. ಕಿವಿ ಕೆಂಪಾಗಿತ್ತು.

"ನೀವು ನಪಾಸಾಗಿ ಹೊಂಟು ಹೋದ್ರ ನಾ ಏನ್ ಮಾಡ್ಲಿರಿ?"

ಅವಳ ಎದೆ ತುಂಬಿ ಬಂತು. ಇಂಥ ಹೊತ್ತಿನಲ್ಲಿ ತುಂಬಿ ಬಂತಲ್ಲ ಎಂದು ಅದರ ಮೇಲೂ ಸಿಟ್ಟು ಬಂತು.

"ಎರಡ್ ಸಲ ಬಾಯಿಗೆ ಬಂದಾಂಗ ಬೈದೆ. ಆಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬೈಯಾಕ ಮತ್ತ ಬರ್ತಿದ್ರೇನು?"

ಓರೆಗಣ್ಣಿನಲ್ಲಿ ನೋಡಿ, ಅವನು ಮತ್ತೆ ಅದೇ ನಗು ನಕ್ಕ. ಇಂಥ ಮನುಷ್ಯನಿಗೆ ಏನು ಹೇಳುವುದು! ಕೌಶಲ್ಯಾ ಸೆರಗು ಬಿಗಿಮಾಡಿ ಟಾಂಗಾದ ಕಡೆ ನಾಲ್ಕು ಹೆಜ್ಜೆ ಹೋದಳು. ಅಲ್ಲಿಂದಲೇ ತಿರುಗಿ ನಿಂತಳು.

"ಸರ್ಟಿಫಿಕೇಟ್ ಬರ್ಲಿ, ಇಲ್ಲೇ ನೌಕರಿ ಕೇಳ್ತೀನಿ. ನಿಮ್ಮ ಅವ್ವಗ ಈಗ್ಲೇ ಹೇಳಿಡ್ರಿ, ಬರೋ ಸೊಸಿ ಭಾಳ ಬೈತಾಳಂತ."