ಹಿಂದಿನಿಂದ ಬಿದ್ದ ಏಟು

ಮೊದಲ ದಿನ ಲ್ಯಾಬಿಗೆ ಬಂದು ಅವಳು ಅವನ ಅಂಗೈಯಲ್ಲಿ ಹಾಕಿದ್ದು ರಕ್ತ ಮೆತ್ತಿದ ಮೌತ್‌ಗಾರ್ಡ್, ಬಾಕ್ಸರ್‌ಗಳು ಹಲ್ಲಿಗೆ ತೊಡುವ ರಬ್ಬರ್ ಕವಚ.

"ತಗೊಳ್ಳಿ ಡಾಕ್ಟ್ರೇ. ನಿನ್ನೆ ತಾಲೀಮಿಂದು. ತೊಳೆಯೋಕೆ ಹೋಗಲಿಲ್ಲ."

"ನಾನಿನ್ನೂ ಡಾಕ್ಟರ್ ಆಗಿಲ್ಲ. ಪಿಎಚ್‌ಡಿ ಮುಗಿಯೋಕೆ ಎರಡು ವರ್ಷ ಇದೆ. ಆಮೇಲೂ ಔಷಧಿ ಕೊಡೋ ಡಾಕ್ಟರ್ ಅಲ್ಲ, ಬಯೋಎಂಜಿನಿಯರಿಂಗ್..." ಎಂದು ತೊದಲಿದ.

"ಔಷಧಿ ಕೊಡಲ್ವಾ? ಮತ್ತೆ ಯಾತಕ್ಕೆ ಇರೋದು ನೀವು?"

ಒಡೆದ ತುಟಿಯಲ್ಲಿ ನಕ್ಕರೆ ಉರಿಯುತ್ತದೆಂದು ಗೊತ್ತಿದ್ದೂ ನಕ್ಕಳು. ನಮ್ಮ ಹುಡುಗನ ಕಥೆ ಅಲ್ಲಿಗೇ ಮುಗಿಯಿತು.

ಸೊಳ್ಳೆ ಹೊಡೆಯಲೂ ಕೈ ಬಾರದ ಪ್ರಾಣಿ ಅವನು. ಓದುತ್ತಿದ್ದುದು ಮಾತ್ರ ಹೊಡೆತದ ಬಗ್ಗೆಯೇ. ರಬ್ಬರ್ ಚರ್ಮದ ಬೊಂಬೆತಲೆಯೊಂದನ್ನು ಕಂಬಕ್ಕೆ ಬಿಗಿದು, ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ದವಡೆಗೆ ಕಬ್ಬಿಣದ ಗುಂಡು ಬೀಸುತ್ತಿದ್ದ. ಏಟು ಬಿದ್ದಾಗ ಮಿದುಳು ಒಳಗೆ ಎಷ್ಟು ಅಲುಗುತ್ತದೆ ಎಂಬುದು ಅವನ ಪ್ರಶ್ನೆ. ಅದಕ್ಕಾಗಿ ಹದಿನೆಂಟು ಬಾಕ್ಸರ್‌ಗಳ ಮೌತ್‌ಗಾರ್ಡ್‌ನಲ್ಲಿ ಕಡಲೆಬೇಳೆಯಷ್ಟು ದೊಡ್ಡ ಸೆನ್ಸರ್ ಕೂರಿಸಿದ್ದ. ಏಟು ಎಷ್ಟು ಗಂಟೆಗೆ ಬಿತ್ತು, ಎಷ್ಟು ಜೋರು, ಯಾವ ಕಡೆಯಿಂದ, ಎಲ್ಲವೂ ಅದರಲ್ಲಿ ದಾಖಲಾಗುತ್ತಿತ್ತು.

ಪ್ರತಿ ಶನಿವಾರ ಬರುವಳು. ಸ್ಟೂಲಿನ ಮೇಲೆ ಕೂತು ಕಾಲಾಡಿಸುವಳು, ಬೊಂಬೆಯ ಕೆನ್ನೆಗೊಂದು ಹುಸಿಗುದ್ದು ಕೊಡುವಳು, ಆಮೇಲೆ ಅವನು ಕಂಪ್ಯೂಟರಿಗೆ ತಂತಿ ಸಿಕ್ಕಿಸುವುದನ್ನೇ ನೋಡುವಳು. ಅವನ ಕಿವಿ ಕೆಂಪಾಗುವವರೆಗೂ ನೋಡುವಳು. ಕೊನೆಗೆ ಅದೇ ಪ್ರಶ್ನೆ.

"ಏನ್ ಕಾಣ್ತು ಡಾಕ್ಟ್ರೇ?"

"ಎಲ್ಲ ಸರಿಯಾಗಿದೆ."

"ಸರಿಯಾಗಿ ನೋಡಿದ್ರಾ?"

"ನೋಡ್ತಾನೇ ಇದೀನಲ್ಲ," ಅಂದುಬಿಟ್ಟ ಒಂದು ಸಲ, ಪರದೆ ಬಿಟ್ಟು ಅವಳ ಕಣ್ಣನ್ನೇ ನೋಡುತ್ತ. ನಗುತ್ತಾಳೆ ಅಂದುಕೊಂಡಿದ್ದ. ಅವಳು ಮುಖ ತಿರುಗಿಸಿ ಚೀಲ ಹೆಗಲಿಗೇರಿಸಿದಳು. ಸಲಿಗೆ ಹೆಚ್ಚಾಯಿತೇನೋ ಎಂದು ಅವನು ವಾರವಿಡೀ ಕೈಕೈ ಹಿಸುಕಿಕೊಂಡ.

ನಿಜ ಹೇಳಬೇಕೆಂದರೆ ಪರದೆಯ ಮೇಲೆ ಎಲ್ಲವೂ ಸರಿಯಿರಲಿಲ್ಲ. ಕಂಪ್ಯೂಟರು ತಲೆಯ ಚಿತ್ರ ಬರೆದು ಏಟು ಬಿದ್ದಲ್ಲೆಲ್ಲ ಕೆಂಪು ಚುಕ್ಕೆ ಇಡುತ್ತಿತ್ತು. ಅವಳ ಚಿತ್ರದಲ್ಲಿ ಚುಕ್ಕೆಗಳು ತಲೆಯ ಹಿಂಭಾಗದಲ್ಲೂ ಇದ್ದವು. ಬಾಕ್ಸಿಂಗಿನಲ್ಲಿ ಅಲ್ಲಿಗೆ ಹೊಡೆಯುವಂತೆಯೇ ಇಲ್ಲ. ಅದೂ ಆ ಏಟುಗಳೆಲ್ಲ ಸಂಜೆ ಏಳಕ್ಕೆ, ತಾಲೀಮಿನ ಕೊನೆಗೆ ಮಾತ್ರ. ಅಷ್ಟು ಹೊತ್ತಿಗೆ ಬೆವರು, ಜೊಲ್ಲು ಇಳಿದು ಸೆನ್ಸರ್ ಸಡಿಲವಾಗಿ ಹಿಂದುಮುಂದಾಗುತ್ತದೆ ಎಂದು ಅವನು ತೀರ್ಮಾನಿಸಿದ. ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ. ಹಿಂದಿನ ಚುಕ್ಕೆಗಳೆಲ್ಲ ಮುಂದೆ ಬಂದು ಕೂತವು, ಚಿತ್ರ ಚೆಂದವಾಯಿತು. ಓದಿದವರು ದಡ್ಡರಾದರೆ ಹೀಗೇ, ಅಚ್ಚುಕಟ್ಟಾಗಿ ದಡ್ಡರಾಗುತ್ತಾರೆ.

ನಾಲ್ಕು ತಿಂಗಳು ಕಳೆದ ಮೇಲೆ ಗೈಡ್ ಆ ಸಾಲಿಗೆ ಪುರಾವೆ ಕೇಳಿದರು. ಅವಳ ಎರಡು ಮೌತ್‌ಗಾರ್ಡ್‌ಗಳಲ್ಲಿ ಲ್ಯಾಬಿನಲ್ಲಿ ಉಳಿದಿದ್ದ ಒಂದನ್ನು ಉಪ್ಪುನೀರಲ್ಲಿ ನೆನೆಸಿ, ಬೊಂಬೆಗೆ ತೊಡಿಸಿ ಗುಂಡು ಬೀಸಿದ. ನೂರು ಏಟು. ಇನ್ನೂರು. ರಬ್ಬರ್ ಕೆನ್ನೆ ಹರಿದು ಒಳಗಿನ ಉಕ್ಕು ಕಾಣಿಸಿತು. ಸೆನ್ಸರ್ ಕೂದಲೆಳೆಯಷ್ಟೂ ಅಲುಗಲಿಲ್ಲ.

ಪ್ರೋಗ್ರಾಮ್ ತೆರೆದ. ಆ ಸಾಲು ಅಳಿಸಿದ. ನಾಲ್ಕು ತಿಂಗಳ ಚುಕ್ಕೆಗಳೆಲ್ಲ ಒಮ್ಮೆಗೇ ಅವಳ ತಲೆಯ ಹಿಂದಕ್ಕೆ ಸರಿದು ಗುಡ್ಡೆಬಿದ್ದವು. ಕೆಲವು ಏಟಿನ ಬಲ ನೋಡಿದರೆ ಅವಳು ಇನ್ನೂ ನಡೆದಾಡುತ್ತಿರುವುದೇ ಹೆಚ್ಚು. ಇಂಥದ್ದು ಇನ್ನೊಂದೆರಡು ಬಿದ್ದರೆ ಮಿದುಳಿನಲ್ಲಿ ರಕ್ತ ಒಸರಬಹುದು, ಪ್ರಾಣವೂ ಹೋಗಬಹುದು. ಗಡಿಯಾರ ನೋಡಿದ. ಆರೂವರೆ.

ಎದ್ದವನೇ ಅವಳ ಜಿಮ್ಮಿಗೆ ಓಡಿದ.

ಜಿಮ್ಮು ಅಂದರೆ ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡು. ಉಳಿದ ಹುಡುಗಿಯರು ಬಟ್ಟೆ ಬದಲಿಸಲು ಹೋಗಿದ್ದರು. ರಿಂಗಿನ ನಡುವೆ ಅವಳು ಮೊಣಕಾಲೂರಿ ಕೂತು ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಿದ್ದಳು. ಹಿಂದೆ ಕೋಚ್ ನಿಂತಿದ್ದ. ಕೋಚ್ ಬೇರೆ ಯಾರೂ ಅಲ್ಲ, ಸೋದರಮಾವ. ಅಪ್ಪ ಅಮ್ಮ ಇಲ್ಲದವಳನ್ನು ಹತ್ತನೇ ವಯಸ್ಸಿನಿಂದ ಸಾಕಿದವನು.

"ಎಡಗೈ ಯಾಕೆ ಇಳೀತು?" ಎಂದು ತಲೆಯ ಹಿಂದಕ್ಕೆ ಗುದ್ದಿದ. "ನನ್ನ ಅನ್ನ ತಿಂದು ನನ್ನ ಮಾನ ತೆಗೀತೀಯಾ?"

ಇನ್ನೊಂದು ಬಿತ್ತು. ಅವಳ ಹಣೆ ನೆಲಕ್ಕೆ ಬಡಿಯಿತು. ಹಲ್ಲು ಕಚ್ಚಿ ಮತ್ತೆ ನೆಟ್ಟಗೆ ಕೂತಳು, ಮುಂದಿನದಕ್ಕೆ ಕಾಯುವವಳಂತೆ.

ನಮ್ಮ ಹುಡುಗ ಹಗ್ಗದಡಿ ನುಸುಳಿ ಅಡ್ಡ ನಿಂತ. "ಸಾಕು, ನಿಲ್ಸಿ! ಸತ್ತೋಗ್ತಾಳೆ ಅವಳು!"

"ಯಾವನೋ ನೀನು?"

ಉತ್ತರಕ್ಕೆ ಪುರುಸೊತ್ತು ಸಿಗಲಿಲ್ಲ. ತನ್ನ ಮೂಗಿನ ಮೂಳೆ ಲಟಕ್ ಎಂದದ್ದು ಅವನಿಗೇ ಕೇಳಿಸಿತು. ಕನ್ನಡಕ ಎಲ್ಲೋ ಹಾರಿತು. ಎರಡನೆಯದು ಹೊಟ್ಟೆಗೆ. ಬಿದ್ದವನ ಪಕ್ಕೆಗೆ ಒದ್ದು ಮಾವ ಮತ್ತೆ ಕಾಲೆತ್ತಿದ. ಹುಡುಗ ತೆವಳಿ ಆ ಕಾಲನ್ನೇ ತಬ್ಬಿಕೊಂಡ. ಬೆನ್ನ ಮೇಲೆ ಗುದ್ದು ಬೀಳುತ್ತಿದ್ದರೂ ಬಿಡಲಿಲ್ಲ.

ಅವಳು ಮೌತ್‌ಗಾರ್ಡ್ ಉಗುಳಿದಳು. "ಮಾವ, ಬಿಡು ಅವರನ್ನ."

"ಬಾಯಿ ಮುಚ್ಚೇ ನೀನು!"

ಹದಿಮೂರು ವರ್ಷ ಒಂದು ಏಟಿಗೂ ತಿರುಗಿ ನಿಲ್ಲದವಳು ಎದ್ದು ದವಡೆಗೆ ಬಿಟ್ಟಳು. ಒಂದೇ ಒಂದು. ಮಾವ ಮೂಟೆಯ ಹಾಗೆ ಕುಸಿದ. ಬಾಯಿಂದ ರಕ್ತ ಬಂತು, ಜೊತೆಗೊಂದು ಹಲ್ಲೂ. ಉಸಿರಾಡುತ್ತಿದ್ದಾನೆಯೇ ಎಂದು ಅವಳು ಬಗ್ಗಿ ನೋಡಿದಳು. ಅವನು ಕಣ್ಣು ಬಿಟ್ಟಾಗ, "ಇನ್ನು ಮನೆಗೆ ಬರಲ್ಲ ಮಾವ," ಅಂದಳು.

ಅವಳು ಹುಡುಗನನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಅವನ ಅಕ್ಕನೇ ನರ್ಸ್. ತಮ್ಮನ ಮೂಗಿಗೆ ಹತ್ತಿ ತುರುಕುತ್ತ, "ಜಗಳ ಅಂದ್ರೆ ಮಾರು ದೂರ ಓಡೋನು, ಇವತ್ತೇನು ಬಂದಿತ್ತೋ ನಿಂಗೆ?" ಎಂದು ಬೈದಳು. ಅವನು ಮಾವನ ಗುದ್ದುಗಳ ವಿಷಯ ಹೇಳಿದ. ಪಕ್ಕದಲ್ಲಿ ನಿಂತವಳ ಮುಖ ನೋಡಿದ ಮೇಲೆ ಅಕ್ಕನಿಗೆ ಎಲ್ಲ ಅರ್ಥವಾಯಿತು. "ನಿನ್ನ ತಲೆದು ಸ್ಕ್ಯಾನ್ ಆಗ್ಬೇಕಮ್ಮ, ಬರೆಸ್ಕೊಂಡು ಬರ್ತೀನಿ. ಆಮೇಲೆ ನಮ್ಮನೆಗೇ ಬಾ. ನನ್ನ ರೂಮಲ್ಲಿ ಇನ್ನೊಂದು ಮಂಚ ಇದೆ," ಎಂದು ಹೊರಗೆ ಹೋದಳು.

ಅವನು ಎದ್ದು ಕೂತ. "ಒಂದು ತಪ್ಪು ಒಪ್ಕೋಬೇಕು. ಆ ಏಟೆಲ್ಲ ಮೊದಲಿಂದಲೂ ಕಾಣ್ತಿತ್ತು. ಸೆನ್ಸರ್ ಕೆಟ್ಟಿದೆ ಅಂದ್ಕೊಂಡು ನಾನೇ ಅವನ್ನ ಮುಂದಕ್ಕೆ ತಿರುಗಿಸಿಬಿಟ್ಟೆ. ನಾಲ್ಕು ತಿಂಗಳು."

ಅವಳು ಕೈಯಲ್ಲಿ ಉಳಿದಿದ್ದ ಪಟ್ಟಿಯನ್ನು ಪೂರ್ತಿ ಬಿಚ್ಚಿ ಮಡಚಿಟ್ಟಳು.

"ತಾಲೀಮು ಮುಗಿದ ತಕ್ಷಣ ಎಲ್ಲರೂ ಮೌತ್‌ಗಾರ್ಡ್ ತೆಗೀತಾರೆ ಡಾಕ್ಟ್ರೇ. ನಾನು ಮಾತ್ರ ತೆಗೀತಿರಲಿಲ್ಲ. ಸಾಕಿದ ಮಾವನ ಮೇಲೆ ದೂರು ಹೇಳೋಕೆ ನಾಲಿಗೆ ಏಳಲಿಲ್ಲ. ಬಾಯಲ್ಲಿ ಅದಿದ್ರೆ ನೀವಾದ್ರೂ ನೋಡ್ತೀರಿ ಅಂತ ಇಟ್ಕೊಂಡೇ ಇರ್ತಿದ್ದೆ."

ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಅಷ್ಟೂ ಶನಿವಾರ ಅವಳು ಕೇಳಿದ್ದು ಅದನ್ನೇ, ತಾನು ಸರಸ ಅಂದುಕೊಂಡದ್ದೂ ಅದನ್ನೇ. "ಕ್ಷಮಿಸಿ ಅಂತ ಕೇಳೋಕೂ ನಂಗೆ ಮುಖ ಇಲ್ಲ."

"ಮುಖ ಇದೆ ಬಿಡಿ. ಮೂಗೇ ಸ್ವಲ್ಪ ಪಕ್ಕಕ್ಕೆ ಹೋಗಿದೆ."

ಹಾಗೆಂದವಳೇ ಮಂಚದ ಅಂಚಿನಲ್ಲಿ ಅವನಿಗೆ ಬೆನ್ನು ಮಾಡಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಅವನಿಗೆ ತಡೆಯಲಾಗಲಿಲ್ಲ. ತಲೆ ಸವರಲು ಕೈ ಚಾಚಿದ. ಬೆರಳು ಕೂದಲಿಗೆ ಸೋಕಿತೋ ಇಲ್ಲವೋ, ಅವಳು ಗಿರ್ರನೆ ತಿರುಗಿದಳು. ಬಿಗಿದ ಮುಷ್ಟಿ ಅವನ ಕಣ್ಣಿನ ಮುಂದೆ ಬಂದು ನಿಂತಿತು.

"ಹಿಂದಿನಿಂದ ಬರಬೇಡಿ," ಅಂದಳು, ಏದುಸಿರು ಬಿಡುತ್ತ. "ಯಾವತ್ತೂ ಬರಬೇಡಿ."

ಅವನು ಪಕ್ಕೆ ಹಿಡಿದುಕೊಂಡು ಮಂಚದಿಂದ ಇಳಿದ. ಸುತ್ತಿ ಬಂದು ಅವಳ ಎದುರಿಗೆ ನೆಲದ ಮೇಲೆ ಕೂತ. ಅವಳಿಗೆ ಕಾಣುವ ಹಾಗೆ ಎರಡೂ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ನಿಮ್ಮನ್ನ ಪ್ರೀತಿಸ್ತೀನಿ. ಇಷ್ಟು ದಿನ ಪರದೆ ನೋಡ್ತಾ ಕೂತಿದ್ದೆ, ಇದನ್ನಾದ್ರೂ ನಿಮ್ಮ ಮುಖ ನೋಡಿ ಹೇಳ್ತಿದೀನಿ."

ಅವಳು ಆ ಅಂಗೈಗಳನ್ನು ನೋಡಿದಳು, ಊದಿದ ಮೂಗನ್ನು ನೋಡಿದಳು. ಮುಷ್ಟಿ ಸಡಿಲವಾಯಿತು. ಅವನ ಬಲಗೈಯನ್ನು ತಾನೇ ಎತ್ತಿ, ತಲೆಯ ಹಿಂದೆ ಬಾತುಕೊಂಡಿದ್ದ ಜಾಗದ ಮೇಲೆ ಇಟ್ಟುಕೊಂಡಳು.

"ಮೆಲ್ಲಗೆ," ಅಂದಳು. "ಅಲ್ಲಿ ನೋಯುತ್ತೆ."