ಲೇತ್ ಮಿಸ್ತ್ರಿ ಹೆಣೆದ ಟೋಪಿ

ಗಂಡನ ಮೇಲೆ ಅವಳಿಗೆ ಅನುಮಾನ ಹುಟ್ಟಿದ್ದು ಬಸಿರಿನ ಎಂಟನೇ ತಿಂಗಳಲ್ಲಿ. ಅದೂ ತಾನಾಗಿ ಹುಟ್ಟಲಿಲ್ಲ, ನಾದಿನಿ ಹುಟ್ಟಿಸಿದಳು. ಅಣ್ಣ ದಿನಾ ಮಧ್ಯಾಹ್ನ ಲೇತ್ ವರ್ಕ್‌ಶಾಪ್ ಬಿಟ್ಟು ಉಲ್ಲನ್ ಅಂಗಡಿಗೆ ಹೋಗುತ್ತಾನೆ, ಆ ಅಂಗಡಿಯವಳ ನಗು ಬೀದಿಗೆಲ್ಲ ಕೇಳಿಸುತ್ತದೆ ಎಂದು ಬೆಂಕಿ ಹಚ್ಚಿ, ನಿಧಾನವಾಗಿ ಕಾಫಿ ಕುಡಿದು ಎದ್ದುಹೋದಳು.

ನಗು ಮರೆತ ಮನೆಯ ಗಂಡಸು ನಗು ಇರುವ ಕಡೆ ಹೋದರೆ ಆಶ್ಚರ್ಯವೇನು ಎಂದುಕೊಂಡಳು. ಎರಡು ವರ್ಷದ ಹಿಂದೆ ಮೊದಲ ಮಗಳು ಏಳು ತಿಂಗಳಿಗೇ ಹುಟ್ಟಿ, ಒಂದು ದಿನವೂ ಉಳಿಯಲಿಲ್ಲ. ಇವಳಿಗೆ ಪ್ರಜ್ಞೆ ಬರುವಷ್ಟರಲ್ಲಿ ಮಣ್ಣು ಮಾಡಿಯೂ ಆಗಿತ್ತು. ಹೇಗಿದ್ದಳು ಎಂದು ಕೇಳಿದ್ದಕ್ಕೆ ಅವನು, ನಾನು ನೋಡಲಿಲ್ಲ ಎಂದಿದ್ದ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಆ ಕಲ್ಲೆದೆಯನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ. ಆಗ ಹೆಣೆದಿಟ್ಟ ಸ್ವೆಟರು, ಟೋಪಿ, ಕಾಲುಚೀಲಗಳನ್ನೆಲ್ಲ ಒಲೆಗೆ ಹಾಕಿದ್ದಳು. ಈ ಸಲ ಮಗು ಬರುವ ತನಕ ಒಂದೆಳೆ ಉಲ್ಲನ್ನೂ ಹೊಸಿಲು ದಾಟಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಳು. ಹೆಸರು ಯೋಚಿಸುವುದಕ್ಕೂ ಅವಳಿಗೆ ಭಯ.

ಮಾರನೆಯ ಮಧ್ಯಾಹ್ನ, ಬೆನ್ನಿಗೆ ಕೈಕೊಟ್ಟುಕೊಂಡು ಅಂಗಡಿಗೆ ನಡೆದಳು.

ಅಂಗಡಿಯವಳು ತಲೆ ಪೂರ್ತಿ ನರೆತ ಅಜ್ಜಿ. ಒಳಗೆ ಪೆಟ್ಟಿಗೆಗಳ ಸಂದಿಯಲ್ಲಿ, ಗಿಡ್ಡ ಸ್ಟೂಲಿನ ಮೇಲೆ ಅವನು ಕೂತಿದ್ದ. ಗ್ರೀಸ್ ಮೆತ್ತಿ ಕಪ್ಪಾದ ಬೆರಳುಗಳಲ್ಲಿ ಎರಡು ಕಡ್ಡಿ, ಹಲ್ಲಿನ ನಡುವೆ ನಾಲಿಗೆ. ಇಂಥ ಮೊಂಡ ಶಿಷ್ಯ ತನಗೆ ಸಿಕ್ಕಿರಲಿಲ್ಲ, ಎಂಟು ಸಲ ಬಿಚ್ಚಿ ಹೆಣೆದಿದ್ದಾನೆ ಎಂದು ನಗುತ್ತಾ ಅಜ್ಜಿ ಮುಂದುಗಡೆಗೆ ಹೋದಳು.

ಹೆಂಡತಿಯನ್ನು ಕಂಡವನು ಹೆಣೆಯುತ್ತಿದ್ದುದನ್ನು ತೊಡೆಯ ಕೆಳಗೆ ತುರುಕಿದ. ಕಿವಿ ಕೆಂಪಾಯಿತು. ಅವಳಿಗೆ ಎಷ್ಟೋ ಕಾಲದ ಮೇಲೆ ಅವನನ್ನು ಕಾಡಿಸಬೇಕೆನ್ನಿಸಿತು. ಕೈ ಚಾಚಿದಳು. ಕೊಡದೆ ಗತಿಯಿರಲಿಲ್ಲ.

ಹಳದಿ ಟೋಪಿ. ಅವಳ ಮುಷ್ಟಿಗೆ ಸರಿಹೋಗುವಷ್ಟೇ ಇತ್ತು.

“ಕೂದಲೆಳೆ ವ್ಯತ್ಯಾಸ ಬಂದ್ರೂ ಒಪ್ಪದ ಮಿಸ್ತ್ರಿ ಅಂತಾರಲ್ಲ ನಿನ್ನ,” ಎಂದು ಓರೆಗಣ್ಣಲ್ಲಿ ನೋಡಿದಳು. “ಇದೇನು, ಗೊಂಬೆಗಾ?”

ಅವನು ನಗಲಿಲ್ಲ.

“ಅಳತೆ ಸರಿಯಾಗೇ ಇದೆ. ನಾನು ಎತ್ತಿಕೊಂಡಿರೋದು ಅದೊಂದೇ ತಲೆ. ಬೇರೆ ಅಳತೆ ನನಗೆ ಗೊತ್ತಿಲ್ಲ.”

ಅವಳು ಪಕ್ಕದ ಉಲ್ಲನ್ ಮೂಟೆಯ ಮೇಲೆ ಕೂತಳು.

“ನೋಡಲಿಲ್ಲ ಅಂದಿದ್ದೆ ನೀನು.”

“ನೀನು ಆಗ ಅರ್ಧ ಜೀವ ಆಗಿದ್ದೆ. ಹೇಳಿದ್ರೆ ನೀನೂ ಹೋಗಿಬಿಡ್ತೀಯ ಅಂತ ಹೆದರಿಕೆ. ಆಮೇಲೆ ಬಾಯೇ ಬರಲಿಲ್ಲ.”

ಗ್ರೀಸ್ ಹೋಗಲೆಂದು ಮೂರು ಸಲ ಕೈ ತೊಳೆದುಕೊಂಡು, ಉಸಿರು ನಿಲ್ಲುವ ತನಕ ನಾಲ್ಕು ಗಂಟೆ ಎತ್ತಿಕೊಂಡೇ ಕೂತಿದ್ದೆ ಎಂದ. ತಲೆ ತಣ್ಣಗಾಗುತ್ತಲೇ ಇತ್ತಂತೆ. ಹಾಕಲು ಒಂದು ಟೋಪಿ ಇರಲಿಲ್ಲವಂತೆ. ಮನೆಯಲ್ಲಿದ್ದವೆಲ್ಲ ದೊಡ್ಡವು.

ಈಗ ಅವನು ಅತ್ತ. ಅವಳು ಅಂಗೈಯಿಂದ ಅವನ ಗಲ್ಲ ಒರೆಸಿದಳು. ಎರಡು ವರ್ಷ ಒಂದೇ ಮಂಚದ ಎರಡು ಅಂಚಿನಲ್ಲಿ ಇಬ್ಬರೂ ಒಂದೇ ದುಃಖವನ್ನು ಒಬ್ಬೊಬ್ಬರೇ ಹೊತ್ತಿದ್ದರು. ಈ ಮನುಷ್ಯನನ್ನು ತಾನು ಇಷ್ಟು ಪ್ರೀತಿಸುತ್ತೇನೆಂದು ಅವಳಿಗೇ ತಿಳಿದಿರಲಿಲ್ಲ. ಎದೆ ನೋಯುವಷ್ಟು ಪ್ರೀತಿ ಅದು.

“ಇದನ್ನ ಬಿಚ್ಚಿ ದೊಡ್ಡದು ಮಾಡ್ಲಾ?” ಎಂದ.

“ಬೇಡ. ಅದು ಅವಳದು.”

ಅಜ್ಜಿಯನ್ನು ಕೂಗಿ ಇನ್ನೊಂದು ಹಳದಿ ಉಂಡೆ ತರಿಸಿಕೊಂಡಳು. ಹೊಟ್ಟೆಯೊಳಗಿನದು ಒಮ್ಮೆ ಒದೆಯಿತು. ಅವನ ಕೈಯಿಂದ ಕಡ್ಡಿ ತೆಗೆದುಕೊಂಡು ಮೊದಲ ಗಂಟು ಹಾಕಿದಳು.

“ಇದಕ್ಕೆ ನಾನು ಹೆಣೀತೀನಿ,” ಎಂದಳು. “ಅವಳು ಹೇಗಿದ್ದಳು ಅಂತ ನೀನು ಹೇಳು. ಏನೂ ಬಿಡಬೇಡ.”