ವೀರಗಲ್ಲಿನ ಕಂಬಳಿ

ವೈಕುಂಠ ಸಮಾರಾಧನೆಗೆ ಬಂದ ನೆಂಟರೆಲ್ಲ ಹೊರಟುಹೋಗಿದ್ದರು. ಮಾರನೆಯ ಬೆಳಿಗ್ಗೆ ಕೋಕಿಲಾ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿದಳು. ಎರಡನೆಯದನ್ನು ಏನು ಮಾಡುವುದೆಂದು ತೋಚದೆ ನಿಂತಿದ್ದಾಗ ಪಕ್ಕದ ಮನೆಯ ಕಲ್ಯಾಣಮ್ಮ ಒಳಬಂದು, ಅದನ್ನು ಎತ್ತಿಕೊಂಡು ಕುಡಿದರು. ರಾಜಾಜಿನಗರದ ಆ ಹೊಸ ಬೀದಿಯಲ್ಲಿ ಒಡವೆ ಕಳೆದರೂ ಹಸು ಕಳೆದರೂ ಜನ ಪೊಲೀಸರಿಗಿಂತ ಮೊದಲು ಓಡುತ್ತಿದ್ದುದು ಈ ನಿವೃತ್ತ ಹೆಡ್‌ಮಿಸ್ ಬಳಿಗೇ. ಕೋಕಿಲಾ ಎಷ್ಟೋ ಸಲ ಅವರ ಜೊತೆ ಹೋಗಿದ್ದಳು.

ಅಷ್ಟರಲ್ಲಿ ಕುರುಬರಹಳ್ಳಿಯ ಮುನಿಲಕ್ಷ್ಮಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು.

"ಸೂತಕ ಕಳೀಲಿ ಅಂತ ಕಾದಿದ್ದೆ ಕಣವ್ವ. ಹಬ್ಬ ಹಬ್ಬಕ್ಕೂ ಎಣ್ಣೆ ಅರಿಶಿನ ಹಚ್ತಿದ್ವಲ್ಲ, ನಮ್ಮೂರ ವೀರಗಲ್ಲು, ಅದು ಕಾಣೆಯಾಗೈತೆ. ನಿಮ್ ಯಜಮಾನ್ರು ಅದರ ಮುಂದೆ ಕೂತಿರ್ತಿದ್ರಲ್ಲ, ಅವರೇ ಸಾಗಿಸಿ ಮಾರಿದ್ರು ಅಂತಾರೆ ಜನ. ನಂಗೆ ನಂಬಿಕೆ ಇಲ್ಲ."

ಕೋಕಿಲಾಳಿಗೆ ಅಳುವೂ ಬರಲಿಲ್ಲ. ಅವಳ ಗಂಡ ಶ್ಯಾಮಸುಂದರ, ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದ. ಆ ಕಲ್ಲಿನ ಮಾತು ಬಂದರೆ ಊಟ ಮರೆಯುತ್ತಿದ್ದ. ಕೆಳಗೆ ದನಗಳ್ಳರೊಡನೆ ಕಾದುವ ವೀರ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ಅದೇ ವೀರ. "ಎತ್ತಿದ ಕತ್ತಿ ಇನ್ನೂ ಇಳಿದಿಲ್ಲ ನೋಡೇ," ಎನ್ನುತ್ತಿದ್ದ. ಈಗ ಅವನ ಹೆಸರೇ ಕಳ್ಳನ ಹೆಸರಾಗಿತ್ತು.

ಕಲ್ಯಾಣಮ್ಮನ ಕಣ್ಣು ಬಟ್ಟೆ ಹರವುವ ಗಳುವಿನ ಮೇಲಿದ್ದ ಕರಿ ಕಂಬಳಿಯ ಮೇಲೆ ಬಿತ್ತು. "ಇದು ಯಾರದು?"

"ಗೊತ್ತಿಲ್ಲ. ಜ್ವರ ಹಿಡಿಯೋ ಮುಂಚೆ ತಂದರು. ಒಗೀಬೇಡ, ವಾಪಸ್ ಕೊಡಬೇಕು ಅಂದರು."

ಕಲ್ಯಾಣಮ್ಮ ಮೂಸಿದರು. ಹರಳೆಣ್ಣೆ, ಅರಿಶಿನ.

ಮೂವರೂ ಕುರುಬರಹಳ್ಳಿಗೆ ಹೋದರು. ಅಲ್ಲಿ ಕಲ್ಲಿದ್ದ ಜಾಗದಲ್ಲಿ ಗುಂಡಿ ಇತ್ತು. ಅದರ ಮೇಲೇ ಹೊಸ ರಸ್ತೆಯ ಗೂಟದ ಸಾಲು ಹಾದಿತ್ತು.

"ಸಾಲಿಗೆ ಸಿಕ್ಕ ಕಲ್ಲೆಲ್ಲ ಜಲ್ಲಿ ಆಗುತ್ತೆ ಮೇಡಂ. ವೀರನೋ ಶೂರನೋ ಸುತ್ತಿಗೆಗೆ ಗೊತ್ತಾಗಲ್ಲ," ಎಂದ ಓವರ್‌ಸಿಯರ್ ವೆಂಕಟಗಿರಿ.

"ಗಾಡಿ ಬಂದ ಗುರುತಿತ್ತೇ?" ಕಲ್ಯಾಣಮ್ಮ ಕೇಳಿದರು.

"ಇರಲಿಲ್ಲವ್ವ," ಎಂದಳು ಮುನಿಲಕ್ಷ್ಮಮ್ಮ.

ಎದುರಿಗೇ ಬೈರಪ್ಪನ ಮನೆ. ಚಳಿಯಲ್ಲೂ ಬರಿ ಹೆಗಲಲ್ಲಿದ್ದ ಮುದುಕ ತಲೆ ತಗ್ಗಿಸಿದ. "ನನ್ನ ಏನೂ ಕೇಳಬ್ಯಾಡಿ ತಾಯಿ."

"ಕಂಬಳಿ ಹಾಸಿ ಮಾತು ಕೊಟ್ಟೋನಂಗೆ ಆಡ್ತೀಯಲ್ಲೋ ಬೈರಣ್ಣ! ಇಸಕೊಂಡೋನು ಅದನ್ನ ವಾಪಸ್ ಕೊಡೋಗಂಟ ತುಟಿ ಬಿಚ್ಚಬಾರದು ಅಂತ ನಮ್ಮೋರ ಕಟ್ಟಳೆ, ಹಂಗಾ?" ಮುನಿಲಕ್ಷ್ಮಮ್ಮ ಚುಚ್ಚಿದಳು. ಅವನು ಬೆಚ್ಚಿದ್ದನ್ನು ಕೋಕಿಲಾ ಕಂಡಳು.

ಬೈರಪ್ಪನ ಮನೆಯ ಬಾವಿಯ ಬಳಿ ಅಗಲವಾದ ಚಪ್ಪಡಿಯೊಂದು ಮಲಗಿತ್ತು. ಆದರೂ ಅವನ ಸೊಸೆ ಅದನ್ನು ಬಳಸಿ ಹೋಗಿ, ಒಡಕಲು ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ಕಲ್ಯಾಣಮ್ಮ ನೀರು ಕೇಳಿ ಕುಡಿದು, ಮಿಕ್ಕಿದ್ದನ್ನು ಚಪ್ಪಡಿಯ ಅಂಚಿಗೆ ಚೆಲ್ಲಿದರು. ಕೆಸುವಿನೆಲೆಯ ಮೇಲಿನಂತೆ ಹನಿಗಳು ಉರುಳಿಹೋದವು.

"ಮುನಿಲಕ್ಷ್ಮಮ್ಮ, ಸಂಜೆ ಊರನ್ನೆಲ್ಲ ಅರಳಿಕಟ್ಟೆಗೆ ಕರೆಸು. ಕೋಕಿಲಾ, ಕಂಬಳಿ ತಾ," ಎಂದರು ಕಲ್ಯಾಣಮ್ಮ.

ಸಂಜೆ ಎಲ್ಲರೂ ಸೇರಿದರು. ವೆಂಕಟಗಿರಿಯೂ ಬಂದ.

"ಗಾಡಿ ಬಂದಿಲ್ಲ ಅಂದ್ಮೇಲೆ ಕಲ್ಲು ದೂರ ಹೋಗಿಲ್ಲ," ಕಲ್ಯಾಣಮ್ಮ ಆರಂಭಿಸಿದರು. "ತಲೆಮಾರುಗಳಿಂದ ಎಣ್ಣೆ ಕುಡಿದ ಕಲ್ಲಿಗೆ ನೀರು ಹತ್ತಲ್ಲ. ಬಾವಿ ಹತ್ತಿರ ಮಕಾಡೆ ಮಲಗಿರೋದೇ ನಿಮ್ಮ ವೀರ. ಅದಕ್ಕೇ ಆ ಮನೆಯವರು ಅದರ ಮೇಲೆ ಕಾಲಿಡಲ್ಲ, ಬಟ್ಟೆ ಒಗೆಯಲ್ಲ. ಜಲ್ಲಿ ಆಗೋದು ತಪ್ಪಿಸೋಕೆ ಇಬ್ಬರು ಅದನ್ನ ಕಂಬಳಿ ಮೇಲೆ ಉರುಳಿಸಿ ಎಳೆದರು. ಒಬ್ಬ ಬೈರಪ್ಪ. ಇನ್ನೊಬ್ಬನ ಮನೇಲಿ ಆ ಕಂಬಳಿ ಸಿಕ್ತು. ರಸ್ತೆ ಬಾಗಿಸೋ ತನಕ ಗುಟ್ಟು ಅಂತ ಅದರ ಮೇಲೇ ಮಾತಾಯ್ತು. ಅಷ್ಟರಲ್ಲಿ ಅವನು ಜ್ವರದಲ್ಲಿ ಹೋದ. ಕಂಬಳಿ ಇಲ್ಲದೆ ಬೈರಪ್ಪ ಹೇಗೆ ಬಾಯಿ ಬಿಡ್ತಾನೆ?"

ಎಲ್ಲರ ಕಣ್ಣೂ ಓವರ್‌ಸಿಯರ್ ಕಡೆ ತಿರುಗಿತು. ವೆಂಕಟಗಿರಿ ಕತ್ತು ಕೆರೆದುಕೊಂಡ. "ಒಂದು ಗೂಟ ಆಚೆಗೆ ಹೊಡೆದರೆ ರಸ್ತೆಯೇನೂ ಅಳೋದಿಲ್ಲ ಬಿಡಿ."

ಕೋಕಿಲಾ ಎದ್ದಳು. ಕಂಬಳಿಯನ್ನು ಮಡಿಸಿ ಎರಡೂ ಕೈಯಲ್ಲಿ ಬೈರಪ್ಪನ ಮುಂದೆ ಹಿಡಿದಳು.

"ತಗೊಳ್ಳಿ. ಅವರು ನಿಮ್ಮಿಂದ ಇಸಕೊಂಡಿದ್ದು."

ಅವನು ಅದನ್ನು ಹೆಗಲಿಗೇರಿಸಿಕೊಂಡು ಜನರ ಕಡೆ ತಿರುಗಿದ.

"ಮೇಷ್ಟ್ರು ಕದೀಲಿಲ್ಲ ಕಣ್ರಪ್ಪಾ," ಎಂದ. "ಕಾದ್ರು."